ತೆಳ್ಳಗಾಗುವ ಪುಡಿ

ಗಂಡ ಮಟಮಟ ಮಧ್ಯಾಹ್ನವೇ ಮನೆಗೆ ಬಂದದ್ದನ್ನು ಕಂಡು ಟೈಲರಮ್ಮನ ಕಾಲು ಹೊಲಿಗೆ ಯಂತ್ರದ ಪೆಡಲಿನ ಮೇಲೆ ಹಾಗೇ ನಿಂತುಬಿಟ್ಟಿತು. ಎತ್ತರದ ಕಟ್ಟಡ ಕಟ್ಟುವ ಕಡೆ ಕ್ರೇನ್ ನಡೆಸುವ ಆಸಾಮಿ ಅವನು. ಬೆಳಗ್ಗೆ ಏಣಿ ಹತ್ತಿ ಮೇಲಿನ ಗೂಡಿನಲ್ಲಿ ಕೂತನೆಂದರೆ ಕೆಲಸ ಮುಗಿಯುವವರೆಗೆ ನೆಲದ ಮುಖ ನೋಡುವವನಲ್ಲ. ಬೀದಿಯವರಿಗೆಲ್ಲ ಅವನು ಕ್ರೇನಣ್ಣ. ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವ ಅವಳು ಟೈಲರಮ್ಮ.

"ಏನಾಯ್ತುರೀ? ಹುಷಾರಿಲ್ವಾ?"

"ಹುಷಾರಾಗೇ ಇದ್ದೀನಿ." ಅವನು ಬೂಟು ಬಿಚ್ಚಲು ಬಗ್ಗಿದ. ಹೊಟ್ಟೆ ಅಡ್ಡ ಬಂದು ಒಂದು ಕ್ಷಣ ಏದುಸಿರು ಬಿಟ್ಟ. "ವರ್ಷಕ್ಕೊಮ್ಮೆ ಮಾಡ್ತಾರಲ್ಲ, ಆ ತಪಾಸಣೆ ಇತ್ತು ಇವತ್ತು. ಬಿ.ಪಿ. ಜಾಸ್ತಿಯಂತೆ, ಸಕ್ಕರೆ ಅಂಚಿಗೆ ಬಂದಿದೆಯಂತೆ, ತೂಕವಂತೂ ಕೇಳಲೇಬೇಡ. ಮೂರು ತಿಂಗಳು ಟೈಮ್ ಕೊಟ್ಟಿದ್ದಾರೆ. ಅಷ್ಟರಲ್ಲಿ ನಾನು ಇಳೀಬೇಕು, ಇಲ್ಲಾಂದ್ರೆ ಅವರೇ ನನ್ನ ಕ್ರೇನಿಂದ ಇಳಿಸ್ತಾರೆ."

ಒಳಗಿನಿಂದ ಅತ್ತೆ ಸೌಟು ಹಿಡಿದುಕೊಂಡೇ ಬಂದರು. "ನನ್ನ ಮಗನಿಗೇನಾಗಿದೆ? ಆನೆ ಇದ್ದ ಹಾಗಿದ್ದಾನೆ!"

"ಡಾಕ್ಟ್ರೂ ಅದನ್ನೇ ಹೇಳಿರೋದು ಅಜ್ಜಿ," ಅಂದಳು ಕಾಲೇಜಿನಿಂದ ಆಗಷ್ಟೇ ಬಂದಿದ್ದ ಮಗಳು. ಕ್ರೇನಣ್ಣನಿಗೂ ನಗು ತಡೆಯಲಾಗಲಿಲ್ಲ. ಅತ್ತೆ ಸೌಟು ಎತ್ತಿದರು, ಮೊಮ್ಮಗಳು ಓಡಿದಳು.

ಟೈಲರಮ್ಮ ಮಾತ್ರ ನಗಲಿಲ್ಲ. ಅವಳು ಈ ಮನೆಗೆ ಬಂದ ವರ್ಷವೇ ಮಾವ ಹೋಗಿದ್ದರು. ಆಗ ಅವರಿಗೆ ಐವತ್ತೂ ತುಂಬಿರಲಿಲ್ಲ. ಊಟದ ಮೇಜಿನ ಹತ್ತಿರ ಕೂತಿದ್ದವರು, ಅವಳು ಬಡಿಸಲು ಬಗ್ಗಿದಾಗ, "ಸ್ವಲ್ಪ ನಿಲ್ಲಮ್ಮ" ಅಂತ ಕೈ ಅಡ್ಡ ಹಿಡಿದರು. ಆ ಕೈ ಹಾಗೇ ತಟ್ಟೆಯ ಮೇಲೆ ಬಿತ್ತು. ಅವರ ಮೈಕಟ್ಟೇ ಮಗನದ್ದು: ಅದೇ ಕುತ್ತಿಗೆ, ಅದೇ ಹೊಟ್ಟೆ, ಮೆಟ್ಟಿಲು ಹತ್ತಿದ ಮೇಲೆ ಅದೇ ಸಿಳ್ಳಿನಂಥ ಉಸಿರು. ಗಂಡನಿಗೆ ಈಗ ನಲವತ್ತಾರು. ಅವನು ಕೈತೊಳೆಯಲು ಒಳಗೆ ಹೋದ ಮೇಲೆ ಅವಳು ಸೂಜಿಗೆ ದಾರ ಪೋಣಿಸಲು ನೋಡಿದಳು. ಎಷ್ಟು ಸಲ ನಾಲಗೆಗೆ ಒತ್ತಿಕೊಂಡರೂ ದಾರದ ತುದಿ ಸೂಜಿಯ ಕಣ್ಣಿಗೆ ಸಿಗಲಿಲ್ಲ.

ಮರುದಿನದಿಂದ ಅಡಿಗೆಮನೆಯಲ್ಲಿ ಜಗಳ ಶುರುವಾಯಿತು. ಅಲ್ಲಿಯವರೆಗೆ ಒಲೆ ಅತ್ತೆಯದು, ಯಂತ್ರ ಸೊಸೆಯದು ಅಂತ ಮನೆ ಎರಡು ಪಾಲಾಗಿ ಸುಖವಾಗಿತ್ತು. ಈಗ ಸೊಸೆ ಹೊಲಿಗೆ ಬಿಟ್ಟು ಬಂದು ಎಣ್ಣೆಯ ಜಾಡಿಯನ್ನು ಮೇಲಿನ ಕಪಾಟಿಗೆ ಏರಿಸಿದಳು. ಮೇಜಿನ ಮೇಲಿನ ಉಪ್ಪಿನ ಬಟ್ಟಲು ಮಾಯವಾಯಿತು. ಅನ್ನದ ದೊಡ್ಡ ಸೌಟಿನ ಬದಲು ಚಿಕ್ಕದು ಬಂತು.

"ಇದೇನಮ್ಮ, ಗುಬ್ಬಿಗೆ ಬಡಿಸ್ತಿದ್ದೀಯೋ ಗಂಡಸಿಗೆ ಬಡಿಸ್ತಿದ್ದೀಯೋ? ದಿನವಿಡೀ ಮೇಲೆ ಕೂತು ದುಡಿಯೋನು."

"ಕೂತೇ ಅಲ್ವಾ ಅತ್ತೆ ದುಡಿಯೋದು? ಅದೇ ತೊಂದರೆ ಅಂತ ಡಾಕ್ಟ್ರು ಹೇಳಿರೋದು."

"ಡಾಕ್ಟ್ರು ಹೇಳ್ತಾರೆ, ಅವರಿಗೇನು. ಹಸಿದುಕೊಂಡು ಅಷ್ಟೆತ್ತರ ಹತ್ತೋನು ನನ್ನ ಮಗ."

ಗಿರಾಕಿಗಳು ಬಂದು ಸೊಸೆ ಅಳತೆ ತೆಗೆಯಲು ಎದ್ದು ಹೋದಳೋ, ಹಿಂದೆಯೇ ಬಾಣಲೆ ಕಾಯುವ ಸದ್ದು. ಆಲೂಗಡ್ಡೆ ಕರಿದ ವಾಸನೆ ಮುಂದಿನ ಕೋಣೆಗೆ ಬರುವಷ್ಟರಲ್ಲಿ ತಟ್ಟೆ ಖಾಲಿ, ತಾಯಿ ಮಗ ಇಬ್ಬರೂ ಏನೂ ಅರಿಯದವರ ಹಾಗೆ ಬಾಯಿ ಒರೆಸಿಕೊಂಡು ಕೂತಿರುತ್ತಿದ್ದರು. "ಬಾಗಿಲು ಹಾಕಿಕೊಂಡು ತಿಂದರೆ ಮೈಗೆ ಹತ್ತಲ್ಲ ಅಂದ್ಕೊಂಡಿದ್ದೀರಾ?" ಅಂತ ಅವಳು ಕೂಗಾಡಿದರೆ, ಕ್ರೇನಣ್ಣ ಸಿಟ್ಟಿನಿಂದ ರಾತ್ರಿಯ ಊಟವನ್ನೇ ಬಿಟ್ಟು ಎದ್ದು ಹೋಗುತ್ತಿದ್ದ. ಮರುದಿನ ಆ ಹಸಿವನ್ನೆಲ್ಲ ಒಟ್ಟು ಸೇರಿಸಿ ತಿನ್ನುತ್ತಿದ್ದ.

ಹೀಗೆ ಮೊದಲ ತಿಂಗಳು ಜಗಳದಲ್ಲೇ ಕಳೆಯಿತು. ಆಮೇಲೊಂದು ಸಂಜೆ ಅವನು ಬಗಲಲ್ಲಿ ತೂಕದ ಯಂತ್ರ, ಚೀಲದಲ್ಲಿ ಒಂದು ಡಬ್ಬಿ ತಂದ. ಡಬ್ಬಿಯ ಮೇಲೆ ಹಸಿರೆಲೆಯ ಚಿತ್ರ ಬಿಟ್ಟರೆ ಒಂದಕ್ಷರವಿಲ್ಲ.

"ಗಿಡಮೂಲಿಕೆ ಪುಡಿ. ಬೆಳಗ್ಗೆ ಒಂದು ಚಮಚ ಬಿಸಿನೀರಿಗೆ ಹಾಕಿ ಕುಡಿದರೆ ಸಾಕು. ನಮ್ಮ ಹಗ್ಗದವನು ಹೇಗೆ ಕರಗಿದ್ದಾನೆ ಗೊತ್ತಾ?" ಹಗ್ಗದವನೆಂದರೆ ಕೆಳಗೆ ನಿಂತು ಕ್ರೇನಿಗೆ ಸಾಮಾನು ಬಿಗಿದು ಕೊಡುವವನು. "ಅವನೇ ತರಿಸಿಕೊಟ್ಟ."

"ಏನೇನಿದೆ ಇದರಲ್ಲಿ?"

"ಎಲೆ, ಬೇರು, ಇನ್ನೇನೋ. ವಿಷ ಮಾರ್ತಾರೇನೇ?"

ಟೈಲರಮ್ಮ ಮೂಸಿ ನೋಡಿದಳು. ಒಣಹುಲ್ಲಿನ ವಾಸನೆ. ಬೇಡ ಅನ್ನಬೇಕೆಂದುಕೊಂಡಳು. ಆದರೆ ಗಂಡನ ಉಸಿರಿನ ಸದ್ದು ಕಿವಿಯಲ್ಲಿತ್ತು, ದಿನಗಳು ಓಡುತ್ತಿದ್ದವು. ಡಬ್ಬಿಯನ್ನು ತಾನೇ ಅಡಿಗೆಮನೆಯ ಕಿಟಕಿಯ ಗೂಡಿನಲ್ಲಿಟ್ಟಳು.

ತೂಕದ ಯಂತ್ರ ಅವಳ ಅಂಗಡಿಯೂ ಆದ ಮುಂದಿನ ಕೋಣೆಯಲ್ಲಿ, ನಿಲುವುಗನ್ನಡಿಯ ಪಕ್ಕ ಕೂತಿತು. ಆವತ್ತು ಮನೆಮಂದಿಗೆಲ್ಲ ಅದೊಂದು ಆಟ. ಅತ್ತೆ ಹತ್ತಿದರು, ಮುಳ್ಳು ಅಲ್ಲಾಡಿದ್ದಕ್ಕೆ ಕೂಗಿಕೊಂಡು ಇಳಿದರು. ಮಗಳು ಹತ್ತಿದಾಗ ಅತ್ತೆಯೇ, "ಗುಂಡೀ, ಮೆಲ್ಲಗೆ ಕಣೇ, ಇವತ್ತು ತಂದಿರೋ ಯಂತ್ರ ಇವತ್ತೇ ಮುರಿದೀತು!" ಅಂದರು. ಹುಟ್ಟಿದಾಗ ಉರುಟುರುಟಾಗಿದ್ದ ಕೂಸಿಗೆ ಅಜ್ಜಿಯೇ ಇಟ್ಟ ಹೆಸರು ಅದು. ಹೊಲಿಗೆಯವಳ ಮಗಳನ್ನು ಗುಂಡಿ ಅನ್ನದೆ ಇನ್ನೇನನ್ನಬೇಕು ಅಂತ ಬೀದಿಯವರೂ ಹಾಗೇ ಕರೆಯುತ್ತಿದ್ದರು. ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಳು. ನಕ್ಕು, ಮುಳ್ಳು ನಿಂತ ಜಾಗವನ್ನು ಇನ್ನೊಮ್ಮೆ ಬಗ್ಗಿ ನೋಡಿ ಇಳಿದಳು.

ಪುಡಿ ಕೆಲಸ ಮಾಡಿತು. ವಾರ ಕಳೆಯುವಷ್ಟರಲ್ಲಿ ಕ್ರೇನಣ್ಣನ ಹಸಿವು ಅರ್ಧವಾಯಿತು, ಮುಳ್ಳು ಹಿಂದೆ ಸರಿಯಿತು. ಅವನು ದಿನಾ ಬೆಳಗ್ಗೆ ಯಂತ್ರ ಹತ್ತಿ, "ಏನೇ, ಇಲ್ಲಿ ಬಾ, ನೋಡು!" ಅಂತ ಹೆಂಡತಿಯನ್ನು ಕರೆಯುತ್ತಿದ್ದ. ಅವಳು ಅವನ ಪ್ಯಾಂಟಿನ ಸೊಂಟ ಬಿಚ್ಚಿ ಒಳಗೆ ತೆಗೆದು ಹೊಲಿದಳು. ಅವನು ಒಂದೇ ಸಮನೆ ನೀರು ಕುಡಿಯುವುದು, ಗಳಿಗೆಗೊಮ್ಮೆ ಬಚ್ಚಲಿಗೆ ಹೋಗುವುದು, ನಿದ್ದೆ ಬಾರದೆ ಹೊರಳಾಡುವುದು ಅವಳಿಗೂ ಕಂಡಿತ್ತು. ಕೊಬ್ಬು ಕರಗಬೇಕಾದರೆ ಅಷ್ಟೂ ಆಗದೇ ಇರುತ್ತದೆಯೇ ಅಂದುಕೊಂಡಳು.

"ಅಪ್ಪನ ಜೊತೆ ನಾನೂ ಕಮ್ಮಿ ತಿಂತೀನಮ್ಮ," ಅಂದಳು ಮಗಳು ಒಂದು ದಿನ. "ಅವನೊಬ್ಬನೇ ಯಾಕೆ ಕಷ್ಟಪಡಬೇಕು?"

ಟೈಲರಮ್ಮನಿಗೆ ಎದೆ ತುಂಬಿ ಬಂತು. "ನೋಡಿ, ಮಗಳನ್ನ ನೋಡಿ ಕಲೀರಿ," ಅಂದಳು ಗಂಡನಿಗೆ. ಹುಡುಗಿ ಅರ್ಧ ರೊಟ್ಟಿ ಬಿಟ್ಟರೆ ಅವಳು ಅತ್ತೆಯ ಕಡೆ ನೋಡಿ, "ಬಲವಂತ ಮಾಡಬೇಡಿ" ಅನ್ನುತ್ತಿದ್ದಳು. ಹುಡುಗಿಯ ಕುರ್ತಾ ಸಡಿಲವಾದಾಗ ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಿ ಎರಡೂ ಪಕ್ಕ ಪಿನ್ನು ಚುಚ್ಚಿ, "ಈಗ ನೋಡು, ಎಷ್ಟು ಚೆಂದ ಕಾಣ್ತೀಯ," ಅಂದಳು. ಮಗಳು ಕನ್ನಡಿಯಲ್ಲಿ ತನ್ನ ಸೊಂಟವನ್ನೇ ನೋಡುತ್ತ, "ಇನ್ನೂ ಸ್ವಲ್ಪ ಒಳಗೆ ತಗೊಳ್ಳಮ್ಮ, ಮುಂದಕ್ಕೆ ಬೇಕಾಗುತ್ತೆ" ಅಂದಳು.

ಎರಡನೆಯ ತಿಂಗಳು ಮುಗಿಯುತ್ತ ಬಂದಿತ್ತು. ಟೈಲರಮ್ಮ ಒಬ್ಬ ಗಿರಾಕಿಯ ತೋಳಿನ ಅಳತೆ ಹಿಡಿದಿದ್ದಾಗ ಫೋನ್ ಬಂತು. ಕಟ್ಟಡದ ಮೇಲ್ವಿಚಾರಕ.

"ಅಕ್ಕಾ, ಗಾಬರಿ ಆಗಬೇಡಿ. ಯಜಮಾನ್ರಿಗೆ ಮೇಲೆ ಸ್ವಲ್ಪ ತಲೆ ಸುತ್ತು ಬಂದಿದೆ. ಇಳಿಸ್ತಾ ಇದ್ದೀವಿ. ನೀವು ಬಂದರೆ ಒಳ್ಳೇದು."

ಅಳತೆಪಟ್ಟಿ ಕುತ್ತಿಗೆಯಲ್ಲೇ ಇತ್ತು. ಅದನ್ನು ತೆಗೆಯಬೇಕೆಂದೂ ಹೊಳೆಯದೆ ಅವಳು ಆಟೋ ಹತ್ತಿದಳು. ಗೇಟಿನ ಹತ್ತಿರ ಕೆಲಸದವರೆಲ್ಲ ಗುಂಪಾಗಿ ತಲೆಯೆತ್ತಿ ನಿಂತಿದ್ದರು. ಅವಳೂ ತಲೆಯೆತ್ತಿದಳು.

ಅವಳು ಆ ಕ್ರೇನನ್ನು ರಸ್ತೆಯಿಂದ ಎಷ್ಟೋ ಸಲ ನೋಡಿದ್ದಳು, 'ಅಗೋ ನಮ್ಮವರು' ಅಂತ ಬೇರೆಯವರಿಗೆ ತೋರಿಸಿದ್ದಳು. ಅದರ ಬುಡದಲ್ಲಿ ನಿಂತದ್ದು ಇದೇ ಮೊದಲು. ಹಳದಿ ಕಂಬ ಮುಗಿಯುವಂತೆಯೇ ಇರಲಿಲ್ಲ. ಅರ್ಧಕ್ಕಿಂತ ಮೇಲೆ ಎಲ್ಲೋ ಮೂರು ಚುಕ್ಕೆಗಳು. ನಡುವಿನದು ಅವನು. ಮೇಲೊಬ್ಬ ಅವನ ಸೊಂಟಕ್ಕೆ ಬಿಗಿದ ಹಗ್ಗ ಹಿಡಿದಿದ್ದ, ಕೆಳಗೊಬ್ಬ ಅವನ ಪಾದವನ್ನು ಒಂದೊಂದಾಗಿ ಹಿಡಿದು ಏಣಿಯ ಮೆಟ್ಟಿಲ ಮೇಲೆ ಇಡುತ್ತಿದ್ದ. ಚುಕ್ಕೆಗಳು ಒಂದಿಷ್ಟು ಇಳಿಯುತ್ತಿದ್ದವು, ನಿಲ್ಲುತ್ತಿದ್ದವು. ಅವು ನಿಂತಾಗಲೆಲ್ಲ ಅವಳು ಕುತ್ತಿಗೆಯ ಅಳತೆಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಿದ್ದಳು.

"ಕೊಕ್ಕೆಯಲ್ಲಿ ಕಬ್ಬಿಣದ ಕಂತೆ ನೇತಾಡ್ತಿತ್ತು ಅಕ್ಕಾ," ಮೇಲ್ವಿಚಾರಕ ಪಕ್ಕದಲ್ಲಿ ಪಿಸುಗುಟ್ಟಿದ. "ಕೆಳಗೆ ಇಪ್ಪತ್ತು ಜನ. ಕಣ್ಣು ಕತ್ತಲೆ ಬರ್ತಿದೆ ಅಂತ ರೇಡಿಯೋದಲ್ಲಿ ಹೇಳಿದ್ರು, ಹೇಳ್ತಾ ಹೇಳ್ತಾನೇ ಅದನ್ನ ಜಾಗಕ್ಕೆ ಇಳಿಸಿದ್ರು. ಆಮೇಲೆ ಉತ್ತರ ಇಲ್ಲ."

ಕೆಳಗೆ ಬಂದಾಗ ಅವನ ಮುಖಕ್ಕೆ ಬಣ್ಣವೇ ಇರಲಿಲ್ಲ. ಹೆಂಡತಿಯನ್ನು ಕಂಡು ಏನೋ ತಮಾಷೆ ಹೇಳಲು ಬಾಯಿ ತೆರೆದ, ತುಟಿ ಅಂಟಿಕೊಂಡಿತ್ತು. ಅವಳ ಕೈ ಹಿಡಿದುಕೊಂಡ.

ಆಸ್ಪತ್ರೆಯಲ್ಲಿ ಕೈಗೆ ಬಾಟಲಿ ಏರಿಸಿದರು, ಎದೆಯ ಮೇಲೆ ತಂತಿ ಅಂಟಿಸಿದರು. ಡಾಕ್ಟರಮ್ಮ ಕಾಗದದ ಗೆರೆಗಳನ್ನು ನೋಡುತ್ತ, "ಏನು ತಗೊಳ್ತಿದ್ದೀರಿ?" ಅಂದರು.

"ಏನಿಲ್ಲ ಡಾಕ್ಟ್ರೇ. ಊಟ ಕಮ್ಮಿ ಮಾಡಿದ್ದೆ, ಅಷ್ಟೆ."

"ಊಟ ಕಮ್ಮಿ ಮಾಡಿದರೆ ಎದೆ ಹೀಗೆ ಓಡಲ್ಲ. ಏನು ತಗೊಳ್ತಿದ್ದೀರಿ?"

ಅವನು ಹೆಂಡತಿಯ ಮುಖ ನೋಡಿದ. ಹೇಳಿದವಳು ಅವಳೇ. ಡಾಕ್ಟರಮ್ಮನ ಹುಬ್ಬು ಗಂಟಾಯಿತು. ಇಂಥ ಪುಡಿಗಳಲ್ಲಿ ಎದೆ ಬಡಿತ ಏರಿಸುವ ಔಷಧಿ, ಮೈಯ ನೀರನ್ನೆಲ್ಲ ಹಿಂಡಿ ಹೊರಹಾಕುವ ಔಷಧಿ ಬೆರೆಸಿರುತ್ತಾರೆ, ನೀರಿನ ಜೊತೆಗೆ ಗುಂಡಿಗೆಗೆ ಬೇಕಾದ ಲವಣವೂ ಹೋಗಿಬಿಡುತ್ತದೆ ಅಂದರು. "ಇಳಿದದ್ದು ಕೊಬ್ಬಲ್ಲ, ನೀರು. ಡಬ್ಬಿ ತಂದುಕೊಡಿ, ಪರೀಕ್ಷೆಗೆ ಕಳಿಸಬೇಕು. ಎಷ್ಟು ದಿನದಿಂದ ತಗೊಳ್ತಿದ್ದೀರಿ?"

"ಮೊದಲನೇದು ಮುಗೀತು. ಎರಡನೇ ಡಬ್ಬಿ ಒಡೆದು ನಾಲ್ಕೈದು ದಿನ ಆಗಿರಬಹುದು. ದಿನಕ್ಕೆ ಒಂದೇ ಚಮಚ ಡಾಕ್ಟ್ರೇ, ಜಾಸ್ತಿ ಮಾಡಿಲ್ಲ."

ಅವನನ್ನು ಅಲ್ಲೇ ಬಿಟ್ಟು ಟೈಲರಮ್ಮ ಡಬ್ಬಿ ತರಲು ಮನೆಗೆ ಬಂದಳು. ಸಂಜೆಯಾಗಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಬದುಕಿದ್ದಾನಾ?" ಅಂತ ಕೇಳಲು ಧೈರ್ಯವಿಲ್ಲದೆ ಬರೀ ಅವಳ ಮುಖ ನೋಡಿದರು. "ಹುಷಾರಾಗಿದ್ದಾರೆ ಅತ್ತೆ" ಅನ್ನುತ್ತ ಅವಳು ನೇರ ಅಡಿಗೆಮನೆಗೆ ಹೋಗಿ ಕಿಟಕಿಯ ಗೂಡಿಗೆ ಕೈಹಾಕಿದಳು.

ಡಬ್ಬಿ ಹಗುರವಾಗಿತ್ತು.

ಮುಚ್ಚಳ ತೆಗೆದಳು. ತಳದಲ್ಲಿ ಬೆರಳಿಗಂಟುವಷ್ಟು ಪುಡಿ. ನಾಲ್ಕೈದು ದಿನ, ದಿನಕ್ಕೊಂದು ಚಮಚ. ಅವಳು ಡಬ್ಬಿಯನ್ನು ಬೆಳಕಿಗೆ ಹಿಡಿದಳು, ಮತ್ತೆ ಒಳಗೆ ನೋಡಿದಳು.

"ಅತ್ತೆ, ಇದನ್ನ ಚೆಲ್ಲಿದಿರಾ?"

"ನಾನ್ಯಾಕೆ ಮುಟ್ಟಲಿ ಆ ಹಾಳು ಮಣ್ಣನ್ನ?"

"ನಿಜ ಹೇಳಿ. ಸಿಟ್ಟು ಬಂದು ಚೆಲ್ಲಿದ್ರೆ ಚೆಲ್ಲಿದೆ ಅನ್ನಿ, ನಾನೇನೂ ಅನ್ನಲ್ಲ." ಅವಳ ದನಿ ಬೇಡಿಕೊಳ್ಳುತ್ತಿತ್ತು. "ಚೆಲ್ಲಿದೆ ಅನ್ನಿ ಅತ್ತೆ."

ಅತ್ತೆ ಏನೋ ಹೇಳಲು ಹೋದವರು ಸೊಸೆಯ ಕೈಯಲ್ಲಿನ ಡಬ್ಬಿ ನೋಡಿ ನಿಂತರು. ಇಬ್ಬರೂ ಒಟ್ಟಿಗೇ ಒಳಕೋಣೆಯ ಬಾಗಿಲ ಕಡೆ ತಿರುಗಿದರು.

ಹುಡುಗಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಪ್ಪನ ಸುದ್ದಿ ಕೇಳಿ ಅಳುತ್ತಿದ್ದಾಳೆ ಅಂತ ಅತ್ತೆ ಸುಮ್ಮನೆ ಬಿಟ್ಟಿದ್ದರಂತೆ. ಟೈಲರಮ್ಮ ಹೊದಿಕೆ ಸರಿಸಿದಳು. ತಾನೇ ಒಳಗೆ ತೆಗೆದು ಹೊಲಿದ ಕುರ್ತಾದೊಳಗೆ ಮಗಳ ಭುಜದ ಮೂಳೆ ಎದ್ದು ನಿಂತಿತ್ತು. ಇಷ್ಟು ದಿನ ತಾನು ನೋಡಿದ್ದಾದರೂ ಏನನ್ನು? ಮುಂಗೈ ಹಿಡಿದಳು. ನಾಡಿ ಒಂದೇ ಸಮನೆ ಓಡಿ, ತಟ್ಟನೆ ತಪ್ಪಿ, ಮತ್ತೆ ಓಡಿತು.

"ನೀನೂ ತಗೊಂಡೆಯಾ?"

ಹುಡುಗಿ ಹೊದಿಕೆಯನ್ನು ಮತ್ತೆ ಭುಜದ ಮೇಲೆ ಎಳೆದುಕೊಂಡಳು.

"ಎಷ್ಟು ಚಮಚ? ಹೇಳು, ಬೈಯಲ್ಲ. ನಾನು ಬೈಯಲ್ಲ ಕಣೇ."

"ಬೆಳಗ್ಗೆ ಎರಡು," ಅಂದಳು ಗೋಡೆಯ ಕಡೆಗೇ. "ಸಂಜೆ ಎರಡು. ಎದೇಲಿ ಏನೋ ಆಗ್ತಿದೆ ಅಮ್ಮ. ಬಡ್ಕೊಳ್ಳೋದು ನಿಲ್ತಾನೇ ಇಲ್ಲ."

"ಅಯ್ಯೋ ನನ್ನ ಗುಂಡೀ!" ಅಂತ ಅತ್ತೆ ಚೀರಿದರು.

ಹುಡುಗಿ ಧಡಕ್ಕನೆ ಎದ್ದು ಕೂತಳು. "ಹಾಗನ್ನಬೇಡ! ಹಾಗನ್ನಬೇಡ ಅಜ್ಜಿ! ಬೀದೀಲಿ ಎಲ್ಲರೂ ಅಂತಾರೆ, ಕಾಲೇಜಲ್ಲಿ ಅಂತಾರೆ, ನೀವು ಯಂತ್ರದ ಮೇಲೆ ನಿಲ್ಲಿಸಿ ನಗ್ತೀರ..." ಮಾತು ಅಲ್ಲಿಗೇ ನಿಂತಿತು. ಅವಳು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದಳು.

ಆಟೋದಲ್ಲಿ ಅಜ್ಜಿ ಒಂದು ಕಡೆ, ಅಮ್ಮ ಇನ್ನೊಂದು ಕಡೆ. ಟೈಲರಮ್ಮ ಮಗಳ ನಾಡಿಯ ಮೇಲಿನ ಬೆರಳು ತೆಗೆಯಲಿಲ್ಲ. ಒಂದು ಬಡಿತ ಬಂದ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾದಳು. ಬಂದಾಗ ಅದರ ಮುಂದಿನದಕ್ಕೆ ಕಾದಳು. ದಾರಿಯುದ್ದಕ್ಕೂ ಅತ್ತೆ ಒಂದೇ ಮಾತು ಹೇಳುತ್ತಿದ್ದರು, "ಬೇಗ ಹೋಗಪ್ಪ, ಬೇಗ ಹೋಗಪ್ಪ."

ಅಪ್ಪನಿಗಿಂತ ಮಗಳಿಗೇ ಗಟ್ಟಿ ಪೆಟ್ಟು ಬಿದ್ದಿತ್ತು. ರಕ್ತದಲ್ಲಿ ಲವಣ ಎಷ್ಟು ಇಳಿದಿತ್ತೆಂದರೆ, ಇನ್ನೊಂದು ದಿನ ಕಳೆದಿದ್ದರೆ ಏನಾಗುತ್ತಿತ್ತು ಎಂದು ಟೈಲರಮ್ಮ ಕೇಳಿದಾಗ ಡಾಕ್ಟರಮ್ಮ ಬಾಟಲಿಯ ಹನಿ ಸರಿಮಾಡಿದರು. ಕ್ರೇನಣ್ಣ ತನ್ನ ವಾರ್ಡಿನಿಂದ ಗೋಡೆ ಹಿಡಿದುಕೊಂಡು ಬಂದು ಮಗಳ ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತ. ಯಂತ್ರದ ಪರದೆಯ ಮೇಲೆ ಹಸಿರು ಗೆರೆ ಓಡುತ್ತಿತ್ತು, ಮಧ್ಯೆ ಮಧ್ಯೆ ಎಡವುತ್ತಿತ್ತು. ಅವನು ಅಳುವುದನ್ನು ಟೈಲರಮ್ಮ ಮಾವ ಹೋದ ದಿನವೂ ನೋಡಿರಲಿಲ್ಲ.

"ಆ ಪುಡಿ ತಂದದ್ದು ನಾನು," ಅಂದ. "ನಾನೇ ಮನೆಯೊಳಗೆ ತಂದೆ."

"ಇಟ್ಟವಳು ನಾನು," ಅಂದಳು ಅವಳು.

ಗೆರೆ ಎಡವುವುದು ನಿಂತ ಮೇಲೆ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿದರು. ಹುಡುಗಿಯ ವಯಸ್ಸಿಗೂ ಎತ್ತರಕ್ಕೂ ಅವಳ ತೂಕದಲ್ಲಿ ಮೊದಲೂ ತೊಂದರೆ ಇರಲಿಲ್ಲವಂತೆ. ತೂಕದ ಯಂತ್ರ ಮನೆಯಿಂದ ಆಚೆ ಹಾಕಿ, ಊಟದ ಹೊತ್ತಿನಲ್ಲಿ ಯಾರ ಮೈಯ ಮಾತೂ ಬೇಡ, ದಪ್ಪ ತೆಳ್ಳಗೆ ಎರಡೂ ಬೇಡ, ಎಲ್ಲರಿಗೂ ಒಂದೇ ಅಡಿಗೆ, ಎಲ್ಲರೂ ಒಟ್ಟಿಗೆ ಕೂತು ತಿನ್ನಿ ಅಂದರು. ವಾರಕ್ಕೊಮ್ಮೆ ಆಸ್ಪತ್ರೆಯ ಆಪ್ತಸಲಹೆಯ ಕೋಣೆಗೆ ಹುಡುಗಿಯನ್ನು ಕರೆತರಬೇಕು. ಕ್ರೇನಣ್ಣನಿಗೆ ಹೇಳಿದ್ದು ಇನ್ನೂ ಸಣ್ಣದು: ತಟ್ಟೆಯ ಅರ್ಧ ತರಕಾರಿ, ಉಳಿದರ್ಧದಲ್ಲಿ ಅನ್ನವೋ ರೊಟ್ಟಿಯೋ, ಜೊತೆಗೆ ಬೇಳೆ ಇಲ್ಲವೇ ಮೊಟ್ಟೆ. ಉಪ್ಪು ಕಡಿಮೆ. ಹೊತ್ತಿಗೆ ಸರಿಯಾಗಿ ಊಟ, ದಿನಾ ನಡಿಗೆ, ನಿದ್ದೆ, ಬಿ.ಪಿ.ಗೆ ಬರೆದುಕೊಟ್ಟ ಮಾತ್ರೆ.

"ಇಷ್ಟೇನಾ ಡಾಕ್ಟ್ರೇ?"

"ಇಷ್ಟೇ. ನಿಧಾನಕ್ಕೆ ಇಳಿಯುತ್ತೆ."

"ನಿಧಾನಕ್ಕೆ ಅಂದ್ರೆ?"

"ನಿಮಗೆ ಬೇಜಾರಾಗುವಷ್ಟು ನಿಧಾನಕ್ಕೆ."

ಕೆಲಸದ ಕಡೆಯವರು ಅವನನ್ನು ಕ್ರೇನಿನಿಂದ ಇಳಿಸಿ ಸಾಮಾನಿನ ಉಗ್ರಾಣಕ್ಕೆ ಹಾಕಿದರು. ಹಗ್ಗದವನು ಮನೆಗೆ ಬಂದು ಬಾಗಿಲಲ್ಲೇ ನಿಂತು, ತಾನೂ ಆ ಪುಡಿ ಬಿಟ್ಟೆ, ತರಿಸಿಕೊಡುತ್ತಿದ್ದವನ ಮೇಲೆ ದೂರು ಕೊಟ್ಟಿದ್ದೇನೆ ಅಂತ ನೆಲ ನೋಡುತ್ತ ಹೇಳಿ ಹೋದ. ಟೈಲರಮ್ಮ ತೂಕದ ಯಂತ್ರವನ್ನು ಗುಜರಿಯವನ ಗಾಡಿಗೆ ಹಾಕಿದಳು.

ಮನೆಯಲ್ಲಿ ಈಗ ಹೊಸ ಬಗೆಯ ಭಯ. ಮೊದಲು ಗಂಡ ಹೆಚ್ಚು ತಿನ್ನುತ್ತಾನೆಂದು ಹೆದರುತ್ತಿದ್ದವಳು ಈಗ ಮಗಳು ತಿನ್ನುವುದಿಲ್ಲವೆಂದು ಹೆದರಿದಳು. ಒಂದೇ ಮೇಜು, ಎರಡು ತಟ್ಟೆ, ಒಂದರ ಮೇಲೆ ಕಣ್ಣಿಟ್ಟರೆ ಇನ್ನೊಂದು ತಪ್ಪುತ್ತಿತ್ತು. ಹುಡುಗಿ ಒಂದು ತುತ್ತನ್ನು ಬಾಯಲ್ಲಿಟ್ಟುಕೊಂಡು ಹೊತ್ತುಗಟ್ಟಲೆ ಅಗಿಯುತ್ತಿದ್ದಳು. ಬಚ್ಚಲಿಗೆ ಹೋದರೆ, ತಿಂದದ್ದನ್ನು ವಾಂತಿ ಮಾಡುತ್ತಾಳೇನೋ ಎಂದು ಟೈಲರಮ್ಮನ ಕಿವಿ ಅಲ್ಲಿಗೇ ಹೋಗುತ್ತಿತ್ತು. ಒಮ್ಮೆ ಬಾಗಿಲ ಹೊರಗೆ ನಿಂತೇಬಿಟ್ಟಿದ್ದಳು. ಬಾಗಿಲು ತೆರೆದು ಹೊರಗೆ ಬಂದ ಮಗಳು ಅವಳನ್ನು ಕಂಡಳು.

"ಪೊಲೀಸಾ ನೀನು?"

"ಅಮ್ಮ."

"ಎರಡೂ ಒಂದೇ ಆಗಿದೆ ಈಗ."

ಆವತ್ತು ಹುಡುಗಿ ಊಟಕ್ಕೆ ಬರಲಿಲ್ಲ. ಟೈಲರಮ್ಮ ತಟ್ಟೆ ಹಿಡಿದುಕೊಂಡು ಅವಳ ಕೋಣೆಗೆ ಹೊರಟಾಗ ಅತ್ತೆ ತಡೆದರು.

"ಬೇಡ ಕಣಮ್ಮ. ನಾನು ಇಷ್ಟು ವರ್ಷ ತುರುಕಿದೆ, ನೀನು ಎರಡು ತಿಂಗಳು ಕಿತ್ತುಕೊಂಡೆ. ಅದು ಏನು ಮಾಡೀತು?" ಅವರು ತಟ್ಟೆ ಇಸಿದುಕೊಂಡು ಮುಚ್ಚಿಟ್ಟರು. "ಹಸಿದಾಗ ಬರುತ್ತೆ. ಇಲ್ಲೇ ಇರಲಿ."

ಹುಡುಗಿ ಬಂದಳು, ಬಹಳ ಹೊತ್ತಿನ ಮೇಲೆ. ಅರ್ಧ ತಿಂದಳು. ಅತ್ತೆ ಆಗ ಬಟಾಣಿ ಬಿಡಿಸುತ್ತ ಕೂತಿದ್ದರು, ತಲೆಯೆತ್ತಲಿಲ್ಲ. ಬಾಯಿಗೆ ಬಂದ ಹಳೆಯ ಹೆಸರನ್ನು ನುಂಗಿಕೊಂಡು, "ಮಗೂ, ಆ ಬುಟ್ಟಿ ಇತ್ತ ತಳ್ಳು" ಅಂದರು. ಹುಡುಗಿ ತಳ್ಳಿದಳು. ಆಮೇಲೆ ತಾನೂ ಪಕ್ಕದಲ್ಲಿ ಕೂತು ಬಿಡಿಸತೊಡಗಿದಳು.

ಅಂಗಡಿಯಲ್ಲಿಯೂ ಟೈಲರಮ್ಮ ಬದಲಾದಳು. ಮೊದಲೆಲ್ಲ ಗಿರಾಕಿಗಳ ಎದೆ, ಸೊಂಟದ ಅಳತೆಯನ್ನು ಬೀದಿಗೆ ಕೇಳುವಂತೆ ಕೂಗಿ ಹೇಳಿ, "ಏನಕ್ಕಾ, ಹೋದ ಸಲಕ್ಕಿಂತ ಎರಡು ಬೆರಳು ಜಾಸ್ತಿ!" ಅಂತ ನಗುತ್ತಿದ್ದಳು. ಈಗ ಬಾಯಿ ಮುಚ್ಚಿಕೊಂಡು ಅಳೆಯುತ್ತಿದ್ದಳು. ಯಾರಾದರೂ ಕನ್ನಡಿಯ ಮುಂದೆ ನಿಂತು, "ನಾನು ದಪ್ಪ ಆಗಿದ್ದೀನಾ?" ಅಂದರೆ, "ಬಟ್ಟೆ ಸರಿಯಾಗಿ ಕೂರಬೇಕು, ಅಷ್ಟೇ ನನ್ನ ಕೆಲಸ" ಅನ್ನುತ್ತಿದ್ದಳು.

ಕ್ರೇನಣ್ಣ ಬೆಳಗ್ಗೆ ನಡೆಯಲು ಹೊರಟ. ಮೊದಲ ದಿನ ಒಬ್ಬನೇ ಹೋಗಿ ಏದುತ್ತ ಬಂದ. ಮರುದಿನ ಅಮ್ಮನನ್ನೂ ಎಳೆದುಕೊಂಡು ಹೋದ. ಅತ್ತೆ ಅವನಿಗಿಂತ ಜೋರಾಗಿ ನಡೆದು, ಬೀದಿ ತುದಿಯಲ್ಲಿ ಕಾದು ನಿಂತು, "ಬಾ, ಬಾ, ನಾಳೆ ಹೊತ್ತಿಗಾದರೂ ಬರ್ತೀಯಾ?" ಅಂತ ಕೂಗುತ್ತಿದ್ದರು. ಅವನು ಬರೀ ತರಕಾರಿಯ ಗುಡ್ಡೆ ನೋಡಿ ನಿಟ್ಟುಸಿರು ಬಿಟ್ಟರೂ ತಿಂದ. ಸಿಹಿ ಚಹಾ ಬಿಡಲು ಬಹಳ ಕಷ್ಟಪಟ್ಟ, ಸಕ್ಕರೆ ಕಡಿಮೆ ಮಾಡುತ್ತ ಮಾಡುತ್ತ, "ಇದು ಪಾತ್ರೆ ತೊಳೆದ ನೀರಲ್ವಾ?" ಅನ್ನುತ್ತ ಕುಡಿದ. ಕರಿದದ್ದು ಪೂರ್ತಿ ನಿಲ್ಲಲಿಲ್ಲ. ಭಾನುವಾರಕ್ಕೊಮ್ಮೆ ಅತ್ತೆ ಆಲೂಗಡ್ಡೆ ಕರಿಯುತ್ತಿದ್ದರು, ಎಲ್ಲರೆದುರಿಗೇ, ಬಾಗಿಲು ತೆರೆದು. ಟೈಲರಮ್ಮನೂ ಎರಡು ತುಂಡು ತೆಗೆದುಕೊಳ್ಳುತ್ತಿದ್ದಳು.

ಮೂರು ತಿಂಗಳು ಮುಗಿದು ಮತ್ತೊಂದು ತಿಂಗಳು ಜಾರಿದ ಮೇಲೆ ಅವನನ್ನು ಮತ್ತೆ ತಪಾಸಣೆಗೆ ಕರೆದರು. ಅವನು ಸಂಜೆ ಬಂದು ಮೇಜಿನ ಹತ್ತಿರ ಕೂತ. ತೂಕ ತುಸು ಇಳಿದಿತ್ತು, ಹೇಳಿಕೊಳ್ಳುವಂಥದ್ದಲ್ಲ. ಆದರೆ ಬಿ.ಪಿ. ಹದಕ್ಕೆ ಬಂದಿತ್ತು, ಸಕ್ಕರೆ ಅಂಚಿನಿಂದ ಹಿಂದೆ ಸರಿದಿತ್ತು.

"ಮುಂದಿನ ವಾರದಿಂದ ಹತ್ತಬಹುದು ಅಂದ್ರು," ಅಂದ.

"ಒಳ್ಳೇದಾಯ್ತಲ್ಲಪ್ಪ!" ಅಂದರು ಅತ್ತೆ.

ಅವನು ನೀರಿನ ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತ ಕೂತ. "ಇನ್ನೊಂದು ತಿಂಗಳು ಉಗ್ರಾಣದಲ್ಲೇ ಇರ್ತೀನಿ ಅಂದೆ. ಏಣಿ ಹತ್ತಿರ ಹೋಗಿ ನಿಂತೆ ಕಣಮ್ಮ. ಮೊದಲನೇ ಮೆಟ್ಟಿಲ ಮೇಲೆ ಕಾಲಿಡೋಕೆ ಆಗಲಿಲ್ಲ. ಕಬ್ಬಿಣದ ಕಂತೆ ನೇತಾಡೋದೇ ಕಣ್ಣ ಮುಂದೆ."

ಅವನ ಬಾಯಿಂದ ಇಂಥ ಮಾತು ಯಾರೂ ಕೇಳಿರಲಿಲ್ಲ. ಅವನ ಎದುರು ಕೂತಿದ್ದ ಮಗಳು ತನ್ನ ತಟ್ಟೆ ನೋಡುತ್ತ, "ನನಗೂ ಹಾಗೇ ಅಪ್ಪ," ಅಂದಳು. "ದಿನಾ ಮೊದಲನೇ ತುತ್ತು ತಗೊಳ್ಳೋವಾಗ."

"ಹೌದೇನೇ?"

"ಹೂಂ. ಆಮೇಲಿಂದು ಅಷ್ಟು ಕಷ್ಟ ಆಗಲ್ಲ."

"ನಾಳೆ ಒಂದು ಮೆಟ್ಟಿಲು ಹತ್ತಿ ನೋಡ್ತೀನಿ ಹಾಗಾದ್ರೆ."

"ಹತ್ತು. ಆಗದಿದ್ರೆ ಇಳಿ."

ಟೈಲರಮ್ಮ ಊಟ ಬಡಿಸಿದಳು. ಬೇಳೆ, ಸೊಪ್ಪು, ಬೇಯಿಸಿದ ಕುಂಬಳಕಾಯಿ, ಒಂದಿಷ್ಟು ಅನ್ನ. ಕೊನೆಗೆ ಪರಂಗಿಹಣ್ಣು ಹೆಚ್ಚಿ ಎಲ್ಲರಿಗೂ ಹಂಚಿದಳು. ಸಿಹಿ ಬಿಟ್ಟ ಮೇಲೆ ಕ್ರೇನಣ್ಣನಿಗೆ ದಿನದಲ್ಲಿ ಅದೊಂದೇ ಆಸೆ. ಅವನು ಹೋಳುಗಳನ್ನು ಒಂದೊಂದಾಗಿ ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದ, ದೊಡ್ಡದನ್ನು ಕೊನೆಗೆಂದು ಅಂಚಿಗೆ ಸರಿಸಿಟ್ಟಿದ್ದ. ಮಗಳು ತನ್ನ ಪಾಲು ಮುಗಿಸಿ, ಅವನು ಕಣ್ಣು ಮುಚ್ಚಿದ್ದಾಗ ಕೈ ಚಾಚಿ ಆ ಹೋಳನ್ನು ಎತ್ತಿ ಬಾಯಿಗೆ ಹಾಕಿಕೊಂಡಳು.

"ಏಯ್! ನಂದು ಅದು!" ಅವನು ನಿಜವಾಗಿಯೂ ರೇಗಿದ. "ಅಮ್ಮಾ, ನೋಡೇ ಇವಳನ್ನ!"

"ಕಣ್ಣು ಬಿಟ್ಕೊಂಡು ತಿನ್ನೋಕೆ ನಿನಗೇನು ರೋಗ?" ಅಂದರು ಅತ್ತೆ.

ಹುಡುಗಿ ಬಾಯಿತುಂಬ ಹಣ್ಣಿಟ್ಟುಕೊಂಡು ನಗಲಾರದೆ ಕೈ ಅಡ್ಡ ಹಿಡಿದಳು. ಟೈಲರಮ್ಮನ ಕೈಯಲ್ಲಿ ಚಾಕು ಇತ್ತು, ಮುಂದೆ ಉಳಿದರ್ಧ ಹಣ್ಣು. ಅವಳು ಮಗಳ ಕಡೆ ತಿರುಗಿ ನೋಡಲಿಲ್ಲ. ನೋಡಿದರೆ ಆ ತಿನ್ನುವುದು, ಆ ನಗು ಎಲ್ಲಿ ನಿಂತುಹೋಗುತ್ತದೋ ಎಂದು ಅವಳಿಗೆ ಹೆದರಿಕೆ. ಹಣ್ಣಿನ ಬೀಜ ತೆಗೆದಳು, ಸಿಪ್ಪೆ ಸುಲಿದಳು. ಕಿವಿಯೆಲ್ಲ ಮಗಳ ಕಡೆಗೇ ಇದ್ದುದರಿಂದ ಹೋಳುಗಳು ಒಂದು ದೊಡ್ಡದು, ಒಂದು ಚಿಕ್ಕದು ಆದವು. ಅವನ್ನು ಹಾಗೇ ಮೇಜಿನ ನಡುವೆ, ಎಲ್ಲರಿಗೂ ಕೈಗೆಟುಕುವಲ್ಲಿ ಇಟ್ಟಳು.